ಇಂಜಿನಿಯರ್ ಒಬ್ಬ ಸಮಾಜಶಾಸ್ತ್ರದ ಕ್ಲಾಸಿಗೆ ಹೋದಾಗ

(ನಮ್ಮ ಚಾನೆಲ್ಲಿನ ವಿಡಿಯೊ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ನಾನು ನವಿ ಮುಂಬಯಿಯ ಐರೋಲಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ಊರು ಹಾಸನದ ಕಡೆ. 2010ರಲ್ಲಿ ಇಲ್ಲಿಗೆ ಬಂದೆ. 2021ರಲ್ಲಿ, ಮೂವತ್ತೈದು ದಾಟಿದ ಮೇಲೆ, ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿಕೊಂಡೆ.

ಯಾಕೆ ಅಂತ ಎಲ್ಲರೂ ಕೇಳಿದರು. ಅಮ್ಮ ಫೋನಿನಲ್ಲಿ, "ಇದರಿಂದ ಪ್ರಮೋಷನ್ ಸಿಗತ್ತೇನಪ್ಪ?" ಅಂದ್ರು. ಮ್ಯಾನೇಜರ್, "ಓದೋದೇ ಆದ್ರೆ ಎಂ.ಬಿ.ಎ. ಓದಬಹುದಿತ್ತಲ್ಲ" ಅಂದ್ರು. ನಿಜವಾದ ಕಾರಣ ಲಾಕ್‌ಡೌನ್. 2020ರ ಮೇ ತಿಂಗಳಲ್ಲಿ ಮುಂಬಯಿ-ನಾಶಿಕ್ ಹೆದ್ದಾರಿಯಲ್ಲಿ ಕೂಲಿ ಕೆಲಸದವರು ಮಕ್ಕಳನ್ನು ಹೊತ್ತುಕೊಂಡು ಊರಿಗೆ ನಡೆದು ಹೋಗ್ತಿದ್ದದ್ದು ನಿಮಗೆಲ್ಲ ನೆನಪಿರಬಹುದು. ನಾನು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ, ಸಂಬಳ ಸರಿಯಾಗಿ ಬರ್ತಿತ್ತು. ಅವರೂ ವಲಸೆ ಬಂದವರು, ನಾನೂ ವಲಸೆ ಬಂದವನು. ಅವರು ಯಾಕೆ ನಡೀತಿದ್ದಾರೆ, ನಾನು ಯಾಕೆ ಕೂತಿದ್ದೀನಿ? "ನಾನು ಕಷ್ಟಪಟ್ಟು ಓದಿದೆ" ಅನ್ನೋ ಉತ್ತರ ಯಾಕೋ ಪೂರ್ತಿ ಅನ್ನಿಸಲಿಲ್ಲ.

ಮೊದಲ ತಿಂಗಳು ಕಷ್ಟವಾಯ್ತು. ನಾವು ಇಂಜಿನಿಯರ್‌ಗಳು ನೋಡಿ, ಪ್ರಶ್ನೆ ಅಂದ್ರೆ ಒಂದು ಸರಿ ಉತ್ತರ ಇರಲೇಬೇಕು ಅಂದುಕೊಂಡಿರ್ತೀವಿ. ಇಲ್ಲಿ ಮಾರ್ಕ್ಸ್ ಒಂದು ಹೇಳ್ತಾನೆ, ವೆಬರ್ ಇನ್ನೊಂದು ಹೇಳ್ತಾನೆ, ಪರೀಕ್ಷೆಯಲ್ಲಿ ಇಬ್ಬರನ್ನೂ ಬರೀಬೇಕು. ರಜೆ ದಿನ ಕಲೀನಾದಲ್ಲಿ ಸಂಪರ್ಕ ತರಗತಿ. ಕುರ್ಲಾದಲ್ಲಿ ಇಳಿದು ಶೇರ್ ಆಟೊ ಹಿಡಿದು ಹೋಗ್ತಿದ್ದೆ. ಪಕ್ಕದಲ್ಲಿ ಯಾರು ಕೂರ್ತಿದ್ರು? ಒಬ್ಬರು ಪೊಲೀಸ್ ಕಾನ್‌ಸ್ಟೇಬಲ್, ಒಬ್ಬರು ನರ್ಸ್, ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದ್ತಿರೋ ನಾಲ್ಕಾರು ಹುಡುಗರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಓದೋಕೆ ಬಂದ ಒಬ್ಬ ತಾಯಿ. ಅರ್ಧ ಜನ ಉತ್ತರ ಬರೀತಿದ್ದದ್ದು ಮರಾಠಿಯಲ್ಲಿ. ಆಫೀಸಿನಲ್ಲಿ ಹತ್ತು ವರ್ಷ ಕಳೆದರೂ ಇಂಥವರ ಜೊತೆ ಒಂದು ಗಂಟೆ ಕೂತು ಮಾತಾಡಿರಲಿಲ್ಲ.

ವಿಷಯ ತಲೆಗೆ ಹತ್ತಿದ್ದು ಒಂದು ಚಿಕ್ಕ ಸಂಗತಿಯಿಂದ. ಸಿ. ರೈಟ್ ಮಿಲ್ಸ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ, 1959ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬ ಮನುಷ್ಯನ ಸ್ವಂತ ತೊಂದರೆ ಬೇರೆ, ಸಮಾಜದ ಸಮಸ್ಯೆ ಬೇರೆ, ಇವೆರಡರ ನಡುವಿನ ನಂಟನ್ನು ನೋಡೋದೇ ಈ ಶಾಸ್ತ್ರದ ಕೆಲಸ ಅನ್ನೋದು ಅವರ ವಾದ. ನನಗೆ ಅದು ನಮ್ಮ ಸಪೋರ್ಟ್ ಟಿಕೆಟ್ ಥರ ಕಾಣಿಸಿತು. ಒಬ್ಬ ಯೂಸರ್ ಕಂಪ್ಲೇಂಟ್ ಕೊಟ್ಟರೆ, "ಯೂಸರ್ ತಪ್ಪು" ಅಂತ ಬರೆದು ಕ್ಲೋಸ್ ಮಾಡ್ತೀವಿ. ಅದೇ ಕಂಪ್ಲೇಂಟ್ ನೂರು ಜನರಿಂದ ಬಂದ್ರೆ? ಆಗ ಸಿಸ್ಟಮ್ ಒಳಗೆ ನೋಡಲೇಬೇಕು. ಸಮಾಜಶಾಸ್ತ್ರ ಆ ಎರಡನೇ ಕೆಲಸ ಮಾಡತ್ತೆ.

ಈಗ ನಮ್ಮವರೊಬ್ಬರ ಕಥೆ ಹೇಳ್ತೀನಿ. ನಮಗಿಂತ ಬಹಳ ಮೊದಲೇ ಮೈಸೂರಿನಿಂದ ಇದೇ ಮುಂಬಯಿಗೆ, ಇದೇ ವಿಷಯ ಓದೋಕೆ ಬಂದ ಹುಡುಗನ ಕಥೆ.

ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾದದ್ದು 1919ರಲ್ಲಿ. ಅದನ್ನು ಶುರುಮಾಡಿದವರು ಪ್ಯಾಟ್ರಿಕ್ ಗೆಡ್ಡಿಸ್, ಸ್ಕಾಟ್ಲೆಂಡಿನ ನಗರಯೋಜನೆಯ ತಜ್ಞ. 1924ರಲ್ಲಿ ಜಿ.ಎಸ್. ಘುರ್ಯೆ ಅದರ ಮುಖ್ಯಸ್ಥರಾದರು. ಕೊಂಕಣದ ಮಾಲವಣದವರು, ಕೇಂಬ್ರಿಜ್‌ನಲ್ಲಿ ಓದಿ ಬಂದವರು. ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ವಿಭಾಗ ಅವರ ಕೈಯಲ್ಲೇ ಇತ್ತು. ಮೈಸೂರಿನಲ್ಲಿ ಸಾಮಾಜಿಕ ತತ್ವಶಾಸ್ತ್ರದಲ್ಲಿ ಆನರ್ಸ್ ಮುಗಿಸಿದ ಎಂ.ಎನ್. ಶ್ರೀನಿವಾಸ್ ಎಂಬ ಯುವಕ 1936ರಲ್ಲಿ ಈ ಘುರ್ಯೆಯವರ ಹತ್ತಿರ ಬಂದರು. ಆಗ ವಯಸ್ಸು ಇಪ್ಪತ್ತರ ಹತ್ತಿರ.

ಇಪ್ಪತ್ತರ ಹುಡುಗ ದೊಡ್ಡ ಊರಿಗೆ ಬಂದಿದ್ದಾನೆ. ಗಿರಣಿ, ಚಾಳು, ಟ್ರಾಮು, ಬಂದರು ಎಲ್ಲ ಕಣ್ಣ ಮುಂದೆ ಇದೆ. ಅವನು ಬರೆದ ಎಂ.ಎ. ಪ್ರಬಂಧ ಯಾವುದರ ಮೇಲೆ ಗೊತ್ತಾ? ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಮೇಲೆ. 1942ರಲ್ಲಿ ಅದು ಪುಸ್ತಕವಾಗಿ ಬಂತು. ಹೀಗೆ ಮಾಡಿದ್ದು ಶ್ರೀನಿವಾಸ್ ಒಬ್ಬರೇ ಅಲ್ಲ. ಅವರಿಗಿಂತ ಮೊದಲು ಘುರ್ಯೆಯವರ ವಿದ್ಯಾರ್ಥಿನಿಯಾಗಿದ್ದ ಇರಾವತಿ ಕರ್ವೆ 1928ರಲ್ಲಿ ಪ್ರಬಂಧ ಬರೆದದ್ದು ಚಿತ್ಪಾವನ ಬ್ರಾಹ್ಮಣರ ಮೇಲೆ, ಅಂದ್ರೆ ತಮ್ಮದೇ ಜನರ ಮೇಲೆ.

ಇದು ನನಗೆ ವಿಚಿತ್ರ ಅನ್ನಿಸಿತು. ಊರು ಬಿಟ್ಟು ಸಾವಿರ ಕಿಲೋಮೀಟರ್ ಬಂದು, ಊರಿನ ಮದುವೆ ಬಗ್ಗೆ ಬರೆಯೋದಾ? ಆಮೇಲೆ ಅರ್ಥವಾಯ್ತು. ಊರಿನಲ್ಲೇ ಇದ್ದಾಗ ಮದುವೆ ಅಂದ್ರೆ ಊಟ, ಓಲಗ, ನೆಂಟರು. ದೂರ ಬಂದು ನೋಡಿದಾಗಲೇ ಯಾರ ಮನೆಗೆ ಹೆಣ್ಣು ಕೊಡ್ತಾರೆ, ಯಾರ ಮನೆಗೆ ಕೊಡಲ್ಲ, ಯಾಕೆ ಅನ್ನೋದು ಪ್ರಶ್ನೆಯಾಗಿ ಕಾಣೋದು.

ಇಲ್ಲಿ ಇನ್ನೊಬ್ಬ ವಿದ್ಯಾರ್ಥಿಯನ್ನೂ ನೆನೆಯಬೇಕು. ಪರೇಲ್‌ನ ಚಾಳಿನಲ್ಲಿ ಬೆಳೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರ್. 1916ರ ಮೇ ತಿಂಗಳಲ್ಲಿ ಅಲ್ಲಿನ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಜಾತಿಯ ಮೂಲ ಗುಣ ಒಳಗೊಳಗೇ ಮದುವೆ ಮಾಡಿಕೊಳ್ಳೋದು, ಉಳಿದದ್ದೆಲ್ಲ ಅದನ್ನು ಕಾಯೋಕೆ ಹುಟ್ಟಿದ್ದು ಅನ್ನೋದು ಆ ವಿದ್ಯಾರ್ಥಿಯ ವಾದ. ಇದಾದ ಮರುವರ್ಷ, 1917ರಲ್ಲಿ, ಅದೇ ಅಂಬೇಡ್ಕರ್ ಬರೋಡಾಕ್ಕೆ ಕೆಲಸಕ್ಕೆ ಹೋದಾಗ ಉಳಿಯೋಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಗೊತ್ತಾದ ಮೇಲೆ ಕೋಲು ಹಿಡಿದ ಜನ ಬಂದು ಅವರನ್ನು ಹೊರಗೆ ಹಾಕಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಒಂದು ರೂಮು ಸಿಗಲಿಲ್ಲ.

ಈ ಪಾಠ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಒಂದು ಸಂಪರ್ಕ ತರಗತಿಯಲ್ಲಿ ಪಾಠ ಮಾಡಿದ ಮೇಡಂ ಒಂದು ಕೆಲಸ ಕೊಟ್ಟರು. ಮಾರ್ಕ್ಸ್ ಏನೂ ಇಲ್ಲ, ಮಾಡಿದ್ರೆ ಮಾಡಿ, ಬಿಟ್ರೆ ಬಿಡಿ. "ಈ ಊರಿಗೆ ಬಂದ ದಿನದಿಂದ ನಿಮಗೆ ಸಹಾಯ ಮಾಡಿದ ಹತ್ತು ಜನರ ಹೆಸರು ಬರೀರಿ. ಅವರು ಯಾರ ಮೂಲಕ ಪರಿಚಯ ಆದ್ರು ಅಂತ ಪಕ್ಕದಲ್ಲಿ ಬರೀರಿ." ನಾನು ಐಟಿಯವನಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ಮೊದಲ ವಾರ ಯಾರ ಮನೆಯಲ್ಲಿ ಉಳಿದೆ. ಡಿಪಾಸಿಟ್‌ಗೆ ದುಡ್ಡು ಯಾರು ಕೊಟ್ಟರು. ಎರಡನೇ ಕಂಪನಿಯಲ್ಲಿ ನನ್ನ ರೆಸ್ಯೂಮೆಯನ್ನು ರೆಫರ್ ಮಾಡಿದ್ದು ಯಾರು. ಮಗಳ ಸ್ಕೂಲ್ ಸೀಟಿಗೆ ಯಾರ ಹತ್ತಿರ ಮಾತಾಡಿಸಿದೆ.

ಹತ್ತು ಸಾಲು ತುಂಬಿದ ಮೇಲೆ ನೋಡಿದೆ. ಎಂಟು ಜನ ನನ್ನ ಜಾತಿಯವರು. ಅದರಲ್ಲಿ ಐದು ಜನ ಒಬ್ಬರೇ ಭಾವನ ಮೂಲಕ ಬಂದವರು.

ನಾನು ಹತ್ತು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದ ಮಾತು ಒಂದೇ: "ಐಟಿಯಲ್ಲಿ ಜಾತಿಗೀತಿ ಏನಿಲ್ಲ, ಎಲ್ಲಾ ಮೆರಿಟ್." ಮಾಟುಂಗದ ಉಡುಪಿ ಹೋಟೆಲಿಗೆ ಇಡ್ಲಿ ತಿನ್ನೋಕೆ ಹೋದಾಗ, "ನೋಡಿ, ಇವರೆಲ್ಲ ಒಬ್ಬರ ಕೈ ಹಿಡಿದು ಒಬ್ಬರು ಊರಿಂದ ಬಂದವರು" ಅಂತ ನಾನೇ ಆಫೀಸಿನವರಿಗೆ ವಿವರಿಸಿದ್ದೀನಿ. ಹಿಂದಿನ ತಲೆಮಾರಿನ ಹುಡುಗರು ಕರಾವಳಿಯಿಂದ ಮಾವನ ಜೊತೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಅವರಿಗೆ ಮಾವ. ನಮಗೆ ರೆಫರಲ್ ಪೋರ್ಟಲ್. ವ್ಯತ್ಯಾಸ ಅಂದ್ರೆ, ಯಾರು ಕರ್ಕೊಂಡು ಬಂದ್ರು ಅಂತ ಅವರು ಸಂಕೋಚ ಇಲ್ಲದೆ ಹೇಳ್ತಾರೆ. ನಾವು ಮೆರಿಟ್ ಅಂತೀವಿ.

ಮುಂದಿನ ತರಗತಿಯಲ್ಲಿ ಮೇಡಂ ಪಟ್ಟಿ ನೋಡಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದ್ರು. "ಈ ಪಟ್ಟಿಯಲ್ಲಿ ಇರಬೇಕಾಗಿತ್ತು, ಆದ್ರೆ ಇಲ್ಲ, ಅಂಥವರು ಯಾರು?"

ನನಗೆ ತಕ್ಷಣ ಒಂದು ಮುಖ ನೆನಪಾಯ್ತು. ಹೆಸರು ಹೇಳಲ್ಲ. ಕಲಬುರಗಿ ಕಡೆಯವನು, ದಲಿತ ಕುಟುಂಬದವನು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಇಬ್ಬರೂ ಸೇರಿ ಫ್ಲ್ಯಾಟ್ ಹುಡುಕ್ತಿದ್ವಿ. ಥಾಣೆಯಲ್ಲಿ ಒಂದು ಮನೆ ಇಷ್ಟ ಆಯ್ತು. ಬ್ರೋಕರ್ ಇಬ್ಬರ ಪೂರ್ತಿ ಹೆಸರು ಕೇಳಿದ, ಊಟ ವೆಜ್ಜಾ ನಾನ್ ವೆಜ್ಜಾ ಅಂತ ಕೇಳಿದ, ಆಮೇಲೆ ನೇರವಾಗಿ ಜಾತಿ ಕೇಳಿದ. ಗೆಳೆಯ ಮುಚ್ಚುಮರೆ ಇಲ್ಲದೆ ಹೇಳಿದ. ಸಂಜೆ ಬ್ರೋಕರ್ ನನಗೊಬ್ಬನಿಗೇ ಫೋನ್ ಮಾಡಿದ. "ನೀವೊಬ್ಬರೇ ಬರೋದಾದ್ರೆ ಓನರ್ ರೆಡಿ. ನಾಳೆ ಬೆಳಿಗ್ಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡೋಣ."

ನಾನು ಹೂಂ ಅಂದೆ.

ಗೆಳೆಯನಿಗೆ ಹೇಳಿದ್ದು, "ಓನರ್ ಒಬ್ಬರಿಗೆ ಮಾತ್ರ ಕೊಡ್ತಾರಂತೆ ಮಾರಾಯ" ಅಂತ. ಅವನು, "ಆತು ಬಿಡು" ಅಂದ. ಕಳವಾದಲ್ಲಿ ಒಂದು ಸಣ್ಣ ರೂಮು ಹಿಡಿದ. ಎರಡು ವರ್ಷ ಆದ ಮೇಲೆ ಬೇರೆ ಕಂಪನಿ ಸೇರಿ ಪುಣೆಗೆ ಹೋದ. ನಾನು ಈ ಸಂಗತಿಯನ್ನು ಮರೆತೇ ಬಿಟ್ಟಿದ್ದೆ. ಮರೆಯೋಕೆ ನನಗೆ ಕಷ್ಟವೇ ಆಗಿರಲಿಲ್ಲ, ಅದೇ ಈಗ ಕಾಡೋದು.

ಶ್ರೀನಿವಾಸ್ ಕಥೆಗೆ ಮತ್ತೆ ಬರ್ತೀನಿ, ಯಾಕಂದ್ರೆ ಅವರದು ಅಷ್ಟಕ್ಕೇ ಮುಗಿಯಲ್ಲ. ಮುಂಬಯಿಯಲ್ಲಿ ಪಿಎಚ್.ಡಿ. ಮುಗಿಸಿ ಆಕ್ಸ್‌ಫರ್ಡಿಗೆ ಹೋದರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಬಿದ್ದು ಜೋಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು.  ಹೆಚ್ಚಾಗಿ ನೆನಪನ್ನೇ ನಂಬಿ ಬರೆದ ಪುಸ್ತಕ 'ದಿ ರಿಮೆಂಬರ್ಡ್ ವಿಲೇಜ್', 1976ರಲ್ಲಿ ಬಂತು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ತಮ್ಮ ಬಗ್ಗೆಯೇ ಬರೆದ ಮಾತುಗಳು. ಹಳ್ಳಿಯ ಗೌಡರ ಆಶ್ರಯದಲ್ಲಿ ಇದ್ದರು. ಆಕ್ಸ್‌ಫರ್ಡಿನಿಂದ ಬಂದಿದ್ದರೂ ಹಳ್ಳಿಗೆ ಅವರು ಮೊದಲು ಬ್ರಾಹ್ಮಣ, ಆಮೇಲೆ ಉಳಿದದ್ದು. ಬೇರೆಬೇರೆ ಕೇರಿಗಳಲ್ಲಿ ಅವರು ಎಷ್ಟು ಸಲೀಸಾಗಿ ಓಡಾಡಬಹುದು ಅನ್ನೋದನ್ನೂ ಅದೇ ನಿರ್ಧರಿಸಿತು. ತಾನು ಕಂಡದ್ದು ಬಹುಮಟ್ಟಿಗೆ ಮೇಲ್ಜಾತಿಯವರ ಕಡೆಯಿಂದ ಕಂಡ ಹಳ್ಳಿ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಇವತ್ತು ಟಿವಿಯಲ್ಲಿ ದಿನಾ ಕೇಳೋ 'ವೋಟ್ ಬ್ಯಾಂಕ್', ರಾಜಕೀಯ ಚರ್ಚೆಯಲ್ಲಿ ಬರೋ 'ಪ್ರಬಲ ಜಾತಿ' ಇವೆಲ್ಲ ಅವರ ಬರಹದಿಂದ ಬಂದ ಪದಗಳು. ಅಷ್ಟು ದೊಡ್ಡವರು, "ನಾನು ಎಲ್ಲಿ ನಿಂತು ನೋಡಿದೆ ಅನ್ನೋದರಿಂದ ನನಗೆ ಏನು ಕಾಣಲಿಲ್ಲ" ಅನ್ನೋ ಲೆಕ್ಕವನ್ನೂ ಕೊಟ್ಟರು.

ನನ್ನ ಮಟ್ಟಿಗೆ ಈ ಕೋರ್ಸಿನ ಪಾಠ ಇಷ್ಟೇ. ಬೇರೆಯವರ ಬಗ್ಗೆ ಓದೋಕೆ ಅಂತ ಹೋಗ್ತೀವಿ. ಪ್ರಶ್ನೆ ತಿರುಗಿ ನಮ್ಮ ಹತ್ತಿರಾನೇ ಬರತ್ತೆ. ಹೆದ್ದಾರಿಯಲ್ಲಿ ನಡೀತಿದ್ದವರ ಬಗ್ಗೆ ತಿಳಿಯೋಕೆ ಹೋಗಿದ್ದೆ. ನಾನು ಮನೆಯೊಳಗೆ ಹೇಗೆ ಬಂದು ಕೂತೆ ಅನ್ನೋದು ಗೊತ್ತಾಯ್ತು.

ಗೆಳೆಯನಿಗೆ ಫೋನ್ ಮಾಡೋಕೆ ಮೂರು ವಾರ ತಗೊಂಡೆ. ಮಗು, ಮನೆ, ಪುಣೆಯ ಟ್ರಾಫಿಕ್ ಅಂತ ಏನೇನೋ ಮಾತಾಡಿದ ಮೇಲೆ ಹೇಳಿದೆ. ಥಾಣೆ ಮನೆ ವಿಷಯದಲ್ಲಿ ನಿನಗೆ ಸುಳ್ಳು ಹೇಳಿದ್ದೆ ಕಣೋ, ಓನರ್ ಹೀಗಂದಿದ್ರು, ನಾನು ಒಪ್ಪಿಕೊಂಡುಬಿಟ್ಟೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು ಅಂದ:

"ನನಗ ಅವತ್ತೇ ಗೊತ್ತಾಗಿತ್ತಲೇ. ನಿನಗ ಗೊತ್ತಾಗಲಿಕ್ಕೆ ಎಂ.ಎ. ಮಾಡಬೇಕಾತೇನು?"

ನಾನು ಕ್ಷಮೆ ಕೇಳಿದೆ. ಅವನು ಕ್ಷಮಿಸಿದೀನಿ ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ. "ಪುಣೆಗೆ ಬಂದಾಗ ಮನಿಗೆ ಬಾ" ಅಂದ. ಹೋಗಿ ಬಂದೆ. ಅವನ ಹೆಂಡತಿ ಜೋಳದ ರೊಟ್ಟಿ ಮಾಡಿದ್ದರು. ಮನೆ ವಿಷಯ ಯಾರೂ ಎತ್ತಲಿಲ್ಲ. ಈ ಮಾತನ್ನು ವಿಡಿಯೊದಲ್ಲಿ ಹೇಳಲಾ ಅಂತ ಅವನನ್ನು ಕೇಳಿದೆ. "ನನ್ನ ಹೆಸರು ಬ್ಯಾಡ, ನಿಂದು ಹೇಳ್ಕೋ" ಅಂದ.

ಈಗ ಜನ ಕೇಳ್ತಾರೆ, ಸರಿ, ಇದನ್ನೆಲ್ಲ ತಿಳ್ಕೊಂಡು ಏನು ಬದಲಾಯ್ತು ಅಂತ. ದೊಡ್ಡದೇನೂ ಇಲ್ಲ. ಯಾರನ್ನಾದ್ರೂ ರೆಫರ್ ಮಾಡೋ ಮುಂಚೆ ಆ ಎಕ್ಸೆಲ್ ಶೀಟ್ ತೆಗೆದು ನೋಡ್ತೀನಿ. ಹೊಸದಾಗಿ ಬಂದ ಹುಡುಗರು ರೂಮು ಹುಡುಕುವಾಗ ಜೊತೆಗೆ ಹೋಗ್ತೀನಿ, ಬ್ರೋಕರ್ ಜಾತಿ ಕೇಳಿದ್ರೆ ಎಲ್ಲರೂ ಒಟ್ಟಿಗೇ ಎದ್ದು ಬರ್ತೀವಿ. ಎರಡು ಸಲ ಹಾಗೆ ಬಂದಿದ್ದೀವಿ. ಒಂದು ಸಲ ಬ್ರೋಕರ್ ಮೆಟ್ಟಿಲವರೆಗೂ ಹಿಂದೆ ಬಂದು ಬೇರೆ ಮನೆ ತೋರಿಸಿದ, ಇನ್ನೊಂದು ಸಲ ಬರಲಿಲ್ಲ.

ಪ್ರಮೋಷನ್ ಸಿಗಲಿಲ್ಲ, ಅಮ್ಮನಿಗೆ ಹೇಳಿಬಿಟ್ಟಿದ್ದೀನಿ.

ನೀವು ಬೆಂಗಳೂರಿನಲ್ಲಿರಿ, ಪುಣೆಯಲ್ಲಿರಿ, ಡಲ್ಲಾಸಿನಲ್ಲಿರಿ. ಇವತ್ತು ರಾತ್ರಿ ಒಂದು ಶೀಟ್ ತೆಗೆದು ಹತ್ತು ಹೆಸರು ಬರೀರಿ. ಯಾರಿಗೂ ತೋರಿಸಬೇಡಿ. ಆಮೇಲೆ ಹನ್ನೊಂದನೇ ಸಾಲು ಖಾಲಿ ಬಿಟ್ಟು, ಮೇಡಂ ಕೇಳಿದ ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ಒಂದು ಹೆಸರು ಬಂದ್ರೆ, ಮೂರು ವಾರ ಕಾಯಬೇಡಿ, ಫೋನ್ ಮಾಡಿ.