ತದಡಿಯಿಂದ ಹೊರಟ ಹಡಗುಗಳು



ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ದೇವನಹಳ್ಳಿ. ಟಿಪ್ಪು ಸುಲ್ತಾನ ಹುಟ್ಟಿದ ಊರು. ಕೋಟೆ, ಚಕ್ಕೋತ, ದ್ರಾಕ್ಷಿಗೆ ಹೆಸರಾದ ಈ ಬಯಲುಸೀಮೆಯ ಮಗ ಕಡಲಿನ ಕಡೆ ಮುಖಮಾಡಿದ್ದು ಹೇಗೆ?

ದಾರಿ ತೆರೆದವನು ತಂದೆ ಹೈದರಾಲಿ. 1763ರಲ್ಲಿ ಬಿದನೂರು ಕೈಸೇರಿದಾಗ ಮಂಗಳೂರು, ಹೊನ್ನಾವರದಂಥ ಬಂದರುಗಳೂ ಬಂದವು. ಹೈದರ್ ಹಡಗುಪಡೆ ಕಟ್ಟಿದ. ಆದರೆ ಕುದುರೆದಂಡಿನ ಸರದಾರನೊಬ್ಬನನ್ನು ಅದರ ಮೇಲೆ ಕೂರಿಸಿದ. ಕಡಲು ಬಲ್ಲವರು ಮುನಿದರು. 1768ರಲ್ಲಿ ಇಂಗ್ಲಿಷರು ಬಂದಾಗ ಹಡಗುಗಳ ಸಮೇತ ಆ ಕಡೆ ಸೇರಿಕೊಂಡರು. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲೇ ನಾಶಮಾಡಿದ.

ತಂದೆಯ ನಂತರ ಆಳಿದವನು ಟಿಪ್ಪು. 1786ರ ಮಾರ್ಚಿನಲ್ಲಿ ಅವನ ನಾಲ್ಕು ಹಾಯಿಹಡಗುಗಳು ಉತ್ತರ ಕನ್ನಡದ ತದಡಿಯಿಂದ ಹೊರಟವು. ಒಂದರ ಹೆಸರು ಫಖ್ರುಲ್ ಮರಾಕಿಬ್, ಅಂದರೆ ಹಡಗುಗಳ ಹೆಮ್ಮೆ; ಮತ್ತೊಂದು ನಬಿ ಬಕ್ಷ್. ರಾಯಭಾರಿ ಗುಲಾಮ್ ಅಲಿ ಖಾನನ ಮುಂದಾಳುತನದಲ್ಲಿ ಸುಮಾರು 900 ಜನ, ಜೊತೆಗೆ ಕರಿಮೆಣಸು, ಏಲಕ್ಕಿ, ಗಂಧ. ಮಸ್ಕತ್, ಬಸ್ರಾ ದಾಟಿ ಇಸ್ತಾಂಬುಲಿನ ಸುಲ್ತಾನನನ್ನು ಕಾಣಬೇಕು, ವ್ಯಾಪಾರಕ್ಕೆ ಬಸ್ರಾ ಬಂದರನ್ನು ಕೇಳಬೇಕು, ಕುಶಲಕರ್ಮಿಗಳನ್ನು ಕರೆತರಬೇಕು. ದಾರಿಯಲ್ಲಿ ಹಡಗುಗಳು ನಷ್ಟವಾದವು. ಇಸ್ತಾಂಬುಲ್ ಮುಟ್ಟಿದ ಮೇಲೆ ಪ್ಲೇಗ್ ಹತ್ತಿತು. ತಿರುಗಿ ಬಂದವರು ಬೆರಳೆಣಿಕೆಯಷ್ಟು. ಬಸ್ರಾ ಸಿಗಲಿಲ್ಲ.

ಟಿಪ್ಪು ಆಸೆ ಬಿಡಲಿಲ್ಲ. 1796ರಲ್ಲಿ 40 ಯುದ್ಧನೌಕೆಗಳಿಗೆ ಅಪ್ಪಣೆಯಾಯಿತು. ಮಂಗಳೂರಿನಲ್ಲಿ, ಮಿರ್ಜಾನಿನ ಬಳಿ ಹಡಗುಕಟ್ಟೆಗಳು ಗೊತ್ತಾದವು. ಕಡಲಹುಳು ಮರ ಕೊರೆಯದಂತೆ ತಳಕ್ಕೆ ತಾಮ್ರದ ತಗಡು ಹೊಡೆಯಬೇಕೆಂಬಷ್ಟು ಸೂಕ್ಷ್ಮ ಅವನ ಯೋಚನೆ. ಆದರೆ ಮೂರೇ ವರ್ಷ. 1799ರ ಮೇ 4ರಂದು ರಾಜಧಾನಿ ಶ್ರೀರಂಗಪಟ್ಟಣ ಬಿತ್ತು.

ತದಡಿಯ ದಂಡೆಯಲ್ಲಿ ನಾನು ನಿಂತದ್ದು ಇಳಿತದ ಹೊತ್ತಿನಲ್ಲಿ. ಅಘನಾಶಿನಿಯ ಕೆಸರಿನಲ್ಲಿ ಹೆಂಗಸರು ಮೊಣಕಾಲುದ್ದ ಇಳಿದು ಬಳಚು ಆರಿಸುತ್ತಿದ್ದರು. ಹಾಯಿ ಬಿಚ್ಚಿದವರು, ಚುಕ್ಕಾಣಿ ಹಿಡಿದವರು ಇಂಥದೇ ಕೆಸರು ತುಳಿದು ಹಡಗು ಹತ್ತಿರಬೇಕು. ರಾಯಭಾರಿಗಳ ಹೆಸರು ಪುಸ್ತಕದಲ್ಲಿದೆ; ಈ ನಾವಿಕರು ನಮ್ಮ ನೆನಪಿಗೆ ಬರುವುದು ಕಡಿಮೆ. ಮೈಸೂರಿನ ಚರಿತ್ರೆ ಹೇಳುವಾಗ ಕೋಟೆ, ಕತ್ತಿಗಳ ಜೊತೆಗೆ ಈ ಕಡಲ ಮಕ್ಕಳನ್ನೂ ನೆನೆಯೋಣ.