ದುಬಾರಿ ಮಾನಿಟರು: ಹಣ ಹೋಗುವುದು ಎಲ್ಲಿಗೆ?



ಅನಿಮೇಷನ್ ಕಲಿಯುತ್ತಿರುವ ನನ್ನ ಅಕ್ಕನ ಮಗಳು ಒಂದು ದಿನ ಕಂಪ್ಯೂಟರ್ ಮಾನಿಟರೊಂದರ ಮಾಹಿತಿ ಪತ್ರವನ್ನು ನನ್ನ ಮುಂದಿಟ್ಟು, "ಮಾವ, ಇದನ್ನು ತಗೊಳ್ಳಲೇ?" ಎಂದು ಕೇಳಿದಳು. ಅದರ ಬೆಲೆ ಅವಳ ಒಂದು ವರ್ಷದ ಕಾಲೇಜು ಶುಲ್ಕಕ್ಕಿಂತ ಹೆಚ್ಚು. ಭಾವನವರು ಸೊಸೈಟಿಯಲ್ಲಿ ಸಾಲ ತೆಗೆಯಲು ಸಿದ್ಧರಾಗಿದ್ದರು. ಪತ್ರದಲ್ಲಿ ಒಂದು ಸಂಖ್ಯೆಯ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು. ಬಿಳುಪಿಗೂ ಕಪ್ಪಿಗೂ ಇರುವ ಅಂತರ, ಹತ್ತು ಲಕ್ಷಕ್ಕೆ ಒಂದು.

ಈ ಸಂಖ್ಯೆಯ ಕಥೆಯನ್ನು ಹೇಳಬೇಕಾದರೆ 2019ರ ಜೂನ್ ತಿಂಗಳಿಗೆ ಹೋಗಬೇಕು. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಆಪಲ್ ಕಂಪನಿಯು ಪ್ರೋ ಡಿಸ್‌ಪ್ಲೇ ಎಕ್ಸ್‌ಡಿಆರ್ ಎಂಬ 32 ಅಂಗುಲದ ಮಾನಿಟರನ್ನು ಪರಿಚಯಿಸಿತು. ಬೆಲೆ 4,999 ಡಾಲರ್, ಎಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು ಮೂರೂವರೆ ಲಕ್ಷ ರೂಪಾಯಿ. ಅದನ್ನು ನಿಲ್ಲಿಸುವ ಸ್ಟ್ಯಾಂಡಿಗೆ ಪ್ರತ್ಯೇಕವಾಗಿ 999 ಡಾಲರ್ ಎಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಎಪ್ಪತ್ತು ಸಾವಿರ ರೂಪಾಯಿಯ ಕಾಲು! ಜನ ನಕ್ಕಿದ್ದು ಅದಕ್ಕೆ. ಆದರೆ ನಮ್ಮಂತಹ ಕಾರ್ಯಕ್ರಮ ನಿರ್ಮಾಪಕರ ಗಮನ ಬೇರೆಡೆ ಇತ್ತು. ಆಪಲ್ ತನ್ನ ಮಾನಿಟರನ್ನು ಹೋಲಿಸಿದ್ದು ಚಲನಚಿತ್ರ ಮತ್ತು ಟೆಲಿವಿಷನ್ ಸ್ಟುಡಿಯೋಗಳಲ್ಲಿ ಚಿತ್ರದ ಬಣ್ಣವನ್ನು ತೀರ್ಮಾನಿಸಲು ಬಳಸುವ ರೆಫರೆನ್ಸ್ ಮಾನಿಟರುಗಳೊಂದಿಗೆ. ಅವುಗಳ ಬೆಲೆ ಹತ್ತಾರು ಸಾವಿರ ಡಾಲರ್. ಅಂತಹದೇ ಚಿತ್ರ ಐದು ಸಾವಿರಕ್ಕೆ ಸಿಗುವುದಾದರೆ ಅಗ್ಗವೇ ಸರಿ. ಸಿಗುತ್ತದೆಯೇ?

ಇದನ್ನು ಪರೀಕ್ಷಿಸಲು ಕಪ್ಪು ಬಣ್ಣವನ್ನು ನೋಡಬೇಕು. ಎಲ್‌ಸಿಡಿ ಪರದೆಯು ತಾನಾಗಿ ಬೆಳಗುವುದಿಲ್ಲ. ಹಿಂದೆ ಬೆಳಕಿನ ಹಲಗೆ, ಮುಂದೆ ದ್ರವಸ್ಫಟಿಕದ ಲಕ್ಷಗಟ್ಟಲೆ ಪುಟ್ಟ ಕಿಂಡಿಗಳು. ಕಪ್ಪು ಬೇಕಾದ ಕಡೆ ಕಿಂಡಿ ಮುಚ್ಚಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಸಾಮಾನ್ಯ ಪರದೆಯಲ್ಲಿ ಬಿಳುಪಿನ ಸಾವಿರದಲ್ಲಿ ಒಂದು ಪಾಲಿನಷ್ಟು ಬೆಳಕು ಸೋರುತ್ತದೆ. ಆದ್ದರಿಂದಲೇ ಕತ್ತಲ ಕೋಣೆಯಲ್ಲಿ ನೋಡಿದರೆ ಅಮಾವಾಸ್ಯೆಯ ಆಕಾಶ ಬೂದಿ ಬಳಿದಂತೆ ಕಾಣುತ್ತದೆ.

ಆಪಲ್ ಹಿಂದಿನ ಬೆಳಕನ್ನು 576 ವಲಯಗಳಾಗಿ ವಿಂಗಡಿಸಿ, ಕಪ್ಪು ಬೇಕಾದ ವಲಯದಲ್ಲಿ ದೀಪವನ್ನೇ ತಗ್ಗಿಸುವ ಏರ್ಪಾಡು ಮಾಡಿತು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಆ ಪರದೆಯಲ್ಲಿ ಅಡ್ಡಕ್ಕೆ 6016, ಉದ್ದಕ್ಕೆ 3384 ಚಿತ್ರಬಿಂದುಗಳು. ಒಟ್ಟು ಎರಡು ಕೋಟಿಗೂ ಹೆಚ್ಚು. 576ರಿಂದ ಭಾಗಿಸಿದರೆ ಒಂದು ವಲಯಕ್ಕೆ ಸುಮಾರು 35,000 ಬಿಂದುಗಳು. ಕಪ್ಪು ಆಕಾಶದಲ್ಲಿ ಒಂಟಿ ನಕ್ಷತ್ರವೊಂದನ್ನು ತೋರಿಸಬೇಕೆನ್ನಿ. ನಾಲ್ಕಾರು ಬಿಂದುಗಳ ಆ ನಕ್ಷತ್ರಕ್ಕಾಗಿ 35,000 ಬಿಂದುಗಳ ಹಿಂದಿನ ದೀಪ ಹತ್ತಬೇಕು. ನಕ್ಷತ್ರದ ಸುತ್ತ ಮಸುಕಾದ ಪ್ರಭಾವಳಿ ಮೂಡುತ್ತದೆ.

ಕೆಲವು ರೆಫರೆನ್ಸ್ ಮಾನಿಟರುಗಳಲ್ಲಿ ಉಪಾಯ ಬೇರೆ. ದ್ರವಸ್ಫಟಿಕದ ಎರಡು ಫಲಕಗಳನ್ನು ಒಂದರ ಹಿಂದೆ ಒಂದು ಇಡುತ್ತಾರೆ. ಮೊದಲನೆಯದು ಸಾವಿರದಲ್ಲೊಂದು ಪಾಲು ಬಿಟ್ಟರೆ, ಎರಡನೆಯದು ಅದರಲ್ಲೂ ಸಾವಿರದಲ್ಲೊಂದು ಪಾಲು ಬಿಡುತ್ತದೆ. ಸಾವಿರ ಗುಣಿಸು ಸಾವಿರ, ಹತ್ತು ಲಕ್ಷ! ನಕ್ಷತ್ರದ ಪಕ್ಕದಲ್ಲೇ ಗಾಢ ಕಪ್ಪು. ಎರಡು ಫಲಕಗಳು ಸೇರಿ ಬೆಳಕನ್ನು ಬಹಳವಾಗಿ ತಡೆಯುವುದರಿಂದ ಹಿಂದಿನ ದೀಪ ಅಷ್ಟು ಪ್ರಖರವಾಗಿರಬೇಕು. ಶಾಖ ಹೆಚ್ಚು, ವಿದ್ಯುತ್ ಹೆಚ್ಚು, ಕೊಳ್ಳುವವರು ಕಡಿಮೆ. ಬೆಲೆ ಏರದೆ ಇನ್ನೇನು?

ತಮಾಷೆಯೆಂದರೆ, ಆಪಲ್ ತನ್ನ ಮಾಹಿತಿ ಪತ್ರದಲ್ಲಿ ಮುದ್ರಿಸಿದ್ದೂ ಹತ್ತು ಲಕ್ಷಕ್ಕೆ ಒಂದು ಎಂದೇ. ಸುಳ್ಳೇನಲ್ಲ. ದೀಪವಾರಿದ ವಲಯವನ್ನೂ ದೀಪವುರಿಯುವ ವಲಯವನ್ನೂ ಹೋಲಿಸಿದರೆ ಅಂತಹ ಅಂತರ ಬರಬಹುದು. ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಬರುವುದೇ ಎಂಬುದು ಬೇರೆ ಪ್ರಶ್ನೆ. ಸಂಖ್ಯೆ ಒಂದೇ, ಚಿತ್ರ ಬೇರೆ.

ಓಎಲ್‌ಇಡಿ ಪರದೆಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಆರುವುದರಿಂದ ಈ ತೊಡಕಿಲ್ಲ. ಇಂತಹ ಮಾನಿಟರುಗಳು ಈಗ ರೆಫರೆನ್ಸ್ ಮಾನಿಟರಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಒಂದೇ ಚಿತ್ರ ದಿನವಿಡೀ ನಿಂತಿದ್ದರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ.

ಇನ್ನು ಚಿತ್ರದ ಸೂಕ್ಷ್ಮತೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.17 ಮಿಲಿಮೀಟರ್. 24 ಅಂಗುಲದ ಫುಲ್ ಎಚ್‌ಡಿ ಪರದೆಯ ಬಿಂದು 0.28 ಮಿಲಿಮೀಟರ್, ಆದ್ದರಿಂದ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. 27 ಅಂಗುಲದ 4ಕೆ ಪರದೆಯಲ್ಲಿ 0.16. ಅಲ್ಲಿಂದಾಚೆಗೆ ಕೊಡುವ ಹಣಕ್ಕೆ ಕಣ್ಣಿನಿಂದ ರಶೀದಿ ಸಿಗುವುದು ಕಷ್ಟ.

ಬಣ್ಣದ ಪಾಠವನ್ನು ನಾನು ಕಲಿತದ್ದು ಮುಖಭಂಗದಿಂದ. ಯಕ್ಷಗಾನದ ಕಾರ್ಯಕ್ರಮವೊಂದನ್ನು ಸಂಕಲನ ಮಾಡುವಾಗ ಹೊಸದಾಗಿ ಬಂದಿದ್ದ ಬೆಲೆಬಾಳುವ ಮಾನಿಟರಿನ ಮುಂದೆ ಕುಳಿತಿದ್ದೆ. ಬಣ್ಣದ ವೇಷದ ಕೆಂಪು ಕಣ್ಣು ಕುಕ್ಕುತ್ತಿತ್ತು, ತಗ್ಗಿಸುತ್ತಾ ಹೋದೆ. ಪ್ರಸಾರದ ರಾತ್ರಿ ಮನೆಯ ಟಿವಿಯಲ್ಲಿ ನೋಡಿದರೆ ರಾಕ್ಷಸನ ಮುಖ ಮಾಸಲು ಇಟ್ಟಿಗೆಯಂತಿತ್ತು! ಆ ಮಾನಿಟರಿಗೆ ಟಿವಿಗಿಂತ ವಿಸ್ತಾರವಾದ ವರ್ಣವ್ಯಾಪ್ತಿ ಇತ್ತು. ಟಿವಿಯ ಸಂಕೇತವನ್ನು ಅದು ತನ್ನ ವ್ಯಾಪ್ತಿಗೆ ಹಿಗ್ಗಿಸಿ ತೋರಿಸುತ್ತಿತ್ತು. ಸೂಕ್ತ ವರ್ಣಮಾನಕ್ಕೆ ಹೊಂದಿಸದೆ ಕುಳಿತದ್ದು ನನ್ನದೇ ತಪ್ಪು. ಅಂದಿನಿಂದ ಸಂಕಲನದ ಕೋಣೆಯಲ್ಲಿ ಒಂದು ಸಾಧಾರಣ ಟಿವಿಯನ್ನೂ ಇಟ್ಟುಕೊಂಡಿದ್ದೇನೆ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: 27 ಅಂಗುಲದ ಸಾಧಾರಣ 4ಕೆ ಮಾನಿಟರು ಸಾಕು, ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯನ್ನು ಪೂರ್ತಿ ತೋರಿಸುವಂತಿರಲಿ, ಜೊತೆಗೆ ಪರದೆಯ ಬಣ್ಣವನ್ನು ಅಳೆದು ಸರಿಪಡಿಸುವ ಪುಟ್ಟ ಉಪಕರಣವೊಂದನ್ನು ಗೆಳತಿಯರು ಸೇರಿ ಕೊಳ್ಳಿ. ಅವಳು ಹಾಗೆಯೇ ಮಾಡಿದಳು. ಆದರೆ ಕತ್ತಲ ದೃಶ್ಯಗಳನ್ನು ಮಾತ್ರ ಕಾಲೇಜಿನ ಪ್ರಯೋಗಾಲಯದಲ್ಲಿರುವ ಒಳ್ಳೆಯ ಮಾನಿಟರಿನಲ್ಲಿ ನೋಡಿ ಮುಗಿಸುತ್ತಾಳೆ. ಅದಕ್ಕೆ ಸರದಿಯ ಪಟ್ಟಿ ಇದೆಯಂತೆ. ಅವಳ ಪಾಳಿ ಗುರುವಾರ ಮಧ್ಯಾಹ್ನ.