ರಾಜಕಾರಣಿಗಳೂ ರಾಜ್ಯವೂ



ಪರಪ್ರಾಂತದಲ್ಲಿ ರೈಲಿನ ಪ್ರಯಾಣ ಮಾಡುವ ಕನ್ನಡಿಗನಿಗೆ ಈಚಿನ ವರ್ಷಗಳಲ್ಲಿ ಒಂದು ಸಣ್ಣ ಪರೀಕ್ಷೆ ಒದಗುವುದುಂಟು. ತಾವೆಲ್ಲಿಯವರೆಂದು ಎದುರಿನ ಮಹನೀಯರು ವಿಚಾರಿಸುವರು, ಕರ್ನಾಟಕವೆಂದೊಡನೆ ಮುಗುಳ್ನಕ್ಕು, “ನಿಮ್ಮ ಶಾಸಕರು ಈಗ ಯಾವ ಹೋಟೆಲಿನಲ್ಲಿ ಬಿಡಾರ ಮಾಡಿರುವರು?” ಎಂದು ಕೇಳುವರು. ನಮಗೂ ಹೀಗಾಯಿತು. ಉತ್ತರ ತೋಚದೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆವು. ಆದರೆ ನಾವೇನೂ ನಿರಪರಾಧಿಗಳಲ್ಲ. ಬಿಹಾರವೆಂದೊಡನೆ ಮೇವಿನ ಹಗರಣವನ್ನು ನೆನೆದು ನಕ್ಕವರು ನಾವು. ಅಲ್ಲಿಯ ಒಕ್ಕಲಿಗನನ್ನಾಗಲಿ ಶಾಲೆಯ ಉಪಾಧ್ಯಾಯನನ್ನಾಗಲಿ ಆಗ ನೆನೆದವರಲ್ಲ.

ಆ ಸಹಪ್ರಯಾಣಿಕರು ಹೇಳಿದ್ದು ಸುಳ್ಳೂ ಅಲ್ಲ. 2019ನೆಯ ಜುಲೈ ತಿಂಗಳಲ್ಲಿ ನಮ್ಮ ಶಾಸಕರು ಅನೇಕರು ರಾಜೀನಾಮೆಯ ಪತ್ರವನ್ನು ಕೊಟ್ಟು ಮುಂಬಯಿಯ ಹೋಟೆಲನ್ನು ಸೇರಿದರು. 23ನೆಯ ತಾರೀಖು ಸರ್ಕಾರ ಬಿದ್ದಿತು. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ಆ ಹದಿನೇಳರಲ್ಲಿ ಒಬ್ಬರು ಯಲ್ಲಾಪುರ ಕ್ಷೇತ್ರದ ಶ್ರೀ ಶಿವರಾಮ ಹೆಬ್ಬಾರರು; ಮುಂಡಗೋಡು ತಾಲ್ಲೂಕು ಆ ಕ್ಷೇತ್ರಕ್ಕೆ ಸೇರಿದುದು. ಜುಲೈ 26ರಂದು ಹೊಸ ಮುಖ್ಯಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದರಷ್ಟೆ. ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ನಡುವಣ 25 ದಿನಗಳು ಈ ವಿಸ್ತಾರವಾದ ರಾಜ್ಯಕ್ಕೆ ಒಬ್ಬರದೇ ಮಂತ್ರಿಮಂಡಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದು ಊರುಗಳನ್ನೇ ನುಂಗಿದುದು ಸರಿಯಾಗಿ ಆ ದಿನಗಳಲ್ಲಿ. ಕಾಳಿಯೂ ಸುಮ್ಮನಿರಲಿಲ್ಲ, ಕದ್ರಾ ಅಣೆಕಟ್ಟಿನಿಂದ ನೀರನ್ನು ಬಿಡಬೇಕಾಗಿ ಬಂದು ಕೆಳಗಿನ ದಂಡೆಯ ಗ್ರಾಮಗಳಿಗೆ ಹೊಳೆ ನುಗ್ಗಿತು.

ಈಗ ಅಂಬಿಕಾನಗರವನ್ನು ನೋಡೋಣ. ದಾಂಡೇಲಿಯ ಕಾಡಿನ ನಡುವೆ ವಿದ್ಯುತ್ ನಿಗಮದವರು ಕಟ್ಟಿದ ಊರು ಇದು. ಅದರ ಕೆಳಗೆ ಕಣಿವೆಯಲ್ಲಿ ನಾಗಝರಿಯ ವಿದ್ಯುದಾಗಾರ, ಅದರಲ್ಲಿ 6 ಯಂತ್ರಗಳು. ಮಂತ್ರಿಗಳಿರಲಿ, ಇಲ್ಲದಿರಲಿ, ಇಲ್ಲಿ ಪಾಳಿ ತಪ್ಪುವಂತಿಲ್ಲ. ಜಲಾಶಯದ ಮಟ್ಟವನ್ನು ಗಳಿಗೆಗಳಿಗೆಗೂ ಬರೆದಿಡುವವನು, ಎಷ್ಟು ನೀರು ಬಿಟ್ಟರೆ ಕೆಳಗಿನವರ ಮನೆ ಉಳಿದೀತೆಂದು ಲೆಕ್ಕಹಾಕುವವನು, ಸುರಿಮಳೆಯಲ್ಲಿ ತಂತಿ ಸರಿಪಡಿಸುವವನು, ದೋಣಿಯಲ್ಲಿ ಮುದುಕಿಯನ್ನು ಎತ್ತಿ ಕೂರಿಸುವವನು, ಇವರೂ ರಾಜ್ಯವೇ ಅಲ್ಲವೆ? ಮುಂಬಯಿಯ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಛಾಯಾಗ್ರಾಹಕರಿಗೆ ಇವರು ಕಾಣಲಿಲ್ಲ.

ಇಷ್ಟು ಹೇಳಿ ಮುಗಿಸಿಬಿಟ್ಟರೆ ವಾದ ಸುಲಭ. ಪ್ರಜೆ ಸಾಧು, ಪ್ರಭು ಖಳ. ಆದರೆ ಅದೇ ವರ್ಷದ ಡಿಸೆಂಬರಿನ ಉಪಚುನಾವಣೆ ನಮ್ಮ ಬಾಯಿ ಕಟ್ಟುತ್ತದೆ. ಅನರ್ಹರಾದವರಲ್ಲಿ ಹೊಸ ಪಕ್ಷದ ಅಭ್ಯರ್ಥಿಗಳಾಗಿ ನಿಂತವರು 13 ಮಂದಿ, ಗೆದ್ದವರು 11. ಯಲ್ಲಾಪುರವೂ ಈ ಗೆಲವುಗಳಲ್ಲಿ ಒಂದು. ಮತದಾರ ಮೋಸಹೋದನೆಂದು ಪಟ್ಟಣದ ವಿದ್ಯಾವಂತರು ಮರುಗುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಕಾಡಿನ ಅಂಚಿನ ಹಳ್ಳಿಯವನಿಗೆ ಪಕ್ಷದ ಬಾವುಟಕ್ಕಿಂತ ರಸ್ತೆಯೂ ಕಾಲುಸಂಕವೂ ಮುಖ್ಯ. ಆಳುವ ಪಕ್ಷದಲ್ಲಿರುವ ಶಾಸಕನಿಂದ ಅವು ಬೇಗ ಬಂದಾವೆಂಬುದು ಅವನ ಲೆಕ್ಕ. ಲೆಕ್ಕ ನೀಚವಲ್ಲ, ಆದರೂ ಅದು ನಮ್ಮದೇ ಲೆಕ್ಕ. ಹೋಟೆಲಿಗೆ ಹೋದವರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನೊಂದು ಮಾತು. ರಾಜ್ಯದ ತೂಕವನ್ನು ಯಾರು ಯಾವ ಕಲ್ಲಿನಿಂದ ನೋಡುವರೆಂಬುದರ ಮೇಲೂ ತೀರ್ಪು ಬೇರೆಯಾಗುವುದು. 1966ರಿಂದ ಮುಂಡಗೋಡಿನಲ್ಲಿ ನೆಲೆಸಿದ ಟಿಬೇಟಿಯನರನ್ನು ಕೇಳಿದರೆ, ತಮಗೆ ಭೂಮಿ ಕೊಟ್ಟ ರಾಜ್ಯವಿದೆಂದು ಹೇಳಬಹುದು. ಆ ನಿರ್ಧಾರವೂ ರಾಜಕಾರಣಿಗಳದೇ. ಸೂಪಾದವರನ್ನು ಕೇಳಿದರೆ ಬೇರೆ. ಅಣೆಕಟ್ಟಿನ ನೀರಿನಲ್ಲಿ ಅವರ ಪಟ್ಟಣ ಮುಳುಗಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ಒಲೆ ಹೂಡಿದವು. ಆ ನೀರಿನಿಂದ ಹುಟ್ಟಿದ ದೀಪದ ಕೆಳಗೆ ಕುಳಿತು ಈ ಭಾಷಣವನ್ನು ಬರೆಯುವ ನಮಗೆ ಅವರ ಪರವಾಗಿ ತೀರ್ಪು ಹೇಳುವ ಅಧಿಕಾರವಿಲ್ಲ.

2020ರ ಜುಲೈನಲ್ಲಿ ವಿಧಾನಪರಿಷತ್ತಿಗೆ ಐವರನ್ನು ನಾಮಕರಣ ಮಾಡಿದರು. ಉಪಚುನಾವಣೆಯಲ್ಲಿ ಸೋತ ಅನರ್ಹರೊಬ್ಬರ ಹೆಸರು ಆ ಪಟ್ಟಿಯಲ್ಲಿದ್ದಿತು. ಅದೇ ಪಟ್ಟಿಯಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರ ಹೆಸರೂ ಇದ್ದಿತು. ಆಫ್ರಿಕದ ಮೂಲದಿಂದ ಬಂದು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿದ ಸಿದ್ದಿ ಜನಾಂಗದಿಂದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರು ಅವರು. ಒಂದೇ ಕಾಗದ, ಒಂದೇ ಶಾಯಿ.

ಆ ರೈಲಿನ ಮಹನೀಯರು ಮತ್ತೊಮ್ಮೆ ಸಿಕ್ಕಿದರೆ ಕಿಟಕಿಯ ಕಡೆ ತಿರುಗಬಾರದೆಂದಿದ್ದೇವೆ. ಹದಿಮೂರರಲ್ಲಿ ಹನ್ನೊಂದು ಎಂಬುದನ್ನು ಮೊದಲು ನಾವೇ ಹೇಳಿ, ಆಮೇಲೆ ಆ ಆಗಸ್ಟ್ ತಿಂಗಳ ಕಾಳೀನದಿಯ ಕಥೆಯನ್ನು ಹೇಳುವೆವು, ಅಷ್ಟರಲ್ಲಿ ಅವರ ನಿಲ್ದಾಣ ಬಾರದಿದ್ದರೆ.